ಇನ್ನೂರು ಗ್ರಾಂ ಗಂಜಿ

ಆಸ್ಪತ್ರೆಯ ಅಡುಗೆಮನೆಯಲ್ಲಿ ಲೋಟದಿಂದ ಅಳೆಯುವ ಪದ್ಧತಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ರದ್ದುಪಡಿಸಲಾಯಿತು. ಇನ್ನು ಮುಂದೆ ಸಕಲ ಸಾಮಗ್ರಿಗಳನ್ನೂ ತೂಕ ಮಾಡಿಯೇ ಪಾತ್ರೆಗೆ ಹಾಕತಕ್ಕದ್ದು ಎಂದು ಅಧೀಕ್ಷಕರು ಆದೇಶ ಹೊರಡಿಸಿದರು. ಒಂದು ಲೋಟಕ್ಕೆ ಎಷ್ಟು ಗ್ರಾಂ ಎಂದು ತೀರ್ಮಾನಿಸಲು ಒಂದು ಸಮಿತಿಯೂ ಆಯಿತು. ಸಮಿತಿ ಸಭೆ ಸೇರಿದಾಗ ಮೇಜಿನ ಮೇಲೆ ಇದ್ದದ್ದು ಕುಡಿಯುವ ನೀರು ಮಾತ್ರ. ಅದನ್ನೇ ತೂಗಿ, ಲೋಟವೊಂದಕ್ಕೆ ಇನ್ನೂರು ಗ್ರಾಂ, ಪದಾರ್ಥ ಯಾವುದೇ ಇರಲಿ, ಎಂದು ನಿರ್ಣಯಿಸಿ, ಚಹಾ ಕುಡಿದು ಸಮಿತಿ ಚದುರಿತು.

ಅಡುಗೆಯಾಕೆ ಅಧೀಕ್ಷಕರ ಕೋಣೆಗೆ ಹೋದಳು.

"ಸಾರ್, ನೀರಿಗೇನೋ ಸರಿ. ಗಂಜಿಗೆ ಹಾಕೋ ಓಟ್ಸ್ ಹಗುರ ಅಲ್ವಾ? ಇನ್ನೂರು ಗ್ರಾಂ ಅಂದ್ರೆ ಮೂರು ಲೋಟದ ಹತ್ರ ಆಗುತ್ತೆ."

"ಈಗ ಲೋಟ ಎಲ್ಲಿದೆಯಮ್ಮ? ರದ್ದಾಯ್ತಲ್ಲ. ಇಲ್ಲದೇ ಇರೋ ಲೋಟ ಮೂರಾದರೇನು, ಮೂವತ್ತಾದರೇನು?"

ಅವಳು ಹೋಗಿ ತಕ್ಕಡಿ ಹಿಡಿದಳು. ಓಟ್ಸ್ ಸರಬರಾಜು ಮಾಡುತ್ತಿದ್ದ ಅಧೀಕ್ಷಕರ ಭಾವಮೈದುನರು ಹೊಸ ಪದ್ಧತಿಯನ್ನು ಬಾಯ್ತುಂಬ ಹೊಗಳಿ, ಮೂರು ಪಟ್ಟು ಮೂಟೆ ಇಳಿಸಿ ಹೋದರು.

ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದ ದರ್ಜಿಗೆ ತೆಳ್ಳನೆಯ ಗಂಜಿ ಬಿಟ್ಟು ಬೇರೇನೂ ಕೊಡಕೂಡದೆಂದು ವೈದ್ಯರು ಹೇಳಿದ್ದರು. ಗಂಜಿ ಬಂತು. ದರ್ಜಿಯ ಹೆಂಡತಿ ಬಟ್ಟಲನ್ನು ಓರೆ ಮಾಡಿದಳು, ಗಂಜಿ ಮಿಸುಕಲಿಲ್ಲ. ಬೋರಲು ಹಾಕಿದಳು, ಆಗಲೂ ಇಲ್ಲ.

"ಅಕ್ಕಾ, ಇದನ್ನ ಕುಡಿಸೋದು ಹೇಗೆ?"

"ಕುಯ್ದು ಕುಡಿಸಮ್ಮ," ಎಂದು ಅಡುಗೆಯಾಕೆ ಚಾಕು ಕೊಟ್ಟಳು.

"ಆಪರೇಷನ್ ಆದಾಗಿಂದ ಇವ್ರ ಹೊಟ್ಟೆಗೆ ಒಂದು ತೊಟ್ಟು ಬಿದ್ದಿಲ್ಲ ಕಣಕ್ಕಾ," ಎಂದವಳೇ ಬಟ್ಟಲು ಹಿಡಿದು ವೈದ್ಯರ ಬಳಿಗೆ ಹೋದಳು.

ವೈದ್ಯರು ಅಧೀಕ್ಷಕರ ಬಳಿಗೆ ಓಡಿದರು. ಕೂಡಲೇ ಸ್ಪಷ್ಟೀಕರಣ ಹೊರಬಿತ್ತು: "ನೀರಿನಷ್ಟೇ ತೂಗುವುದೆಲ್ಲವನ್ನೂ ನೀರೆಂದೇ ಪರಿಗಣಿಸತಕ್ಕದ್ದು." ವೈದ್ಯರು ಅದನ್ನು ಎರಡು ಸಲ ಓದಿ, ರೋಗಿಗೆ ದ್ರವಾಹಾರ ಕೊಡಲಾಗಿದೆ ಎಂದು ಷರಾ ಬರೆದರು.

ಸಂಜೆ ದರ್ಜಿಯ ಹೆಂಡತಿ ಮನೆಯಿಂದ ಫ್ಲಾಸ್ಕಿನಲ್ಲಿ ತೆಳ್ಳನೆ ಗಂಜಿ ತಂದಳು. ಗೇಟಿನವನು ತಡೆದ.

"ಹೊರಗಿನ ಊಟ ಬಿಡಲ್ಲ. ಏನಿದು?"

"ನೀರು, ಅಣ್ಣಾ."

ಅವನೂ ಸ್ಪಷ್ಟೀಕರಣ ಓದಿದ್ದ. ಮುಚ್ಚಳ ತೆಗೆದು ಮೂಸಿದ, ಕೈಯಲ್ಲಿ ಎತ್ತಿ ನೋಡಿದ.

"ತೂಕ ನೀರಿನಷ್ಟೇ ಇದೆ. ಹೋಗಮ್ಮ."

ದರ್ಜಿ ಎದ್ದು ಕೂತ. ಅದನ್ನು ಕಂಡು ವಾರ್ಡಿನವರೆಲ್ಲರ ಮನೆಯಿಂದಲೂ ನೀರು ಬರತೊಡಗಿತು. ಅಡುಗೆಮನೆಯಲ್ಲಿ ಉಳಿದುಬಿದ್ದ ಗಂಜಿಯನ್ನು ಭಾವಮೈದುನರು ಪುಕ್ಕಟೆಯಾಗಿ ಸಾಗಿಸಿ, ಒಣಗಿಸಿ, 'ಪೌಷ್ಟಿಕ ಬಿಲ್ಲೆ' ಎಂದು ಹೆಸರಿಟ್ಟು ಅದೇ ಆಸ್ಪತ್ರೆಗೆ ಮಾರಿದರು. ಉದ್ಘಾಟನೆಯ ದಿನ ಅಧೀಕ್ಷಕರು ಚಪ್ಪಾಳೆಗಳ ನಡುವೆ ಒಂದು ಬಿಲ್ಲೆ ಪೂರ್ತಿ ತಿಂದರು. ಮಧ್ಯಾಹ್ನದ ಹೊತ್ತಿಗೆ ದರ್ಜಿಯ ಪಕ್ಕದ ಮಂಚದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

ವೈದ್ಯರು ಅವರಿಗೂ ದ್ರವಾಹಾರವನ್ನೇ ಬರೆದರು. ಬಟ್ಟಲು ಬಂತು, ಜೊತೆಗೆ ಚಾಕು. ಸಿಬ್ಬಂದಿಯೆಲ್ಲ ಸುತ್ತ ನಿಂತಿದ್ದರು. ಅಧೀಕ್ಷಕರು ಬಟ್ಟಲನ್ನು ಓರೆ ಮಾಡಿ ನೋಡಿ, ದರ್ಜಿಯ ಮಂಚದ ಕಡೆಗೆ ಹೊರಳಿದರು.

"ಅಮ್ಮಾ, ಸ್ವಲ್ಪ ನೀರಿದ್ರೆ ಕೊಡ್ತೀಯಾ?"

ದರ್ಜಿಯ ಹೆಂಡತಿ ಫ್ಲಾಸ್ಕಿನಿಂದ ಬಗ್ಗಿಸಿದಳು. ಹಬೆಯಾಡಿತು. ಅವರು ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರು.

"ಒಳ್ಳೇ ನೀರು. ಉಪ್ಪು ಒಂಚೂರು ಕಡಿಮೆ."

"ನಾಳೆ ಸರಿಯಾಗಿ ಹಾಕ್ಕೊಂಡು ಬರ್ತೀನಿ ಸಾರ್," ಎಂದಳು ಅವಳು.

ರೋಗಿ ನೀರು ಕುಡಿದಿದ್ದಾರೆ ಎಂದು ವೈದ್ಯರು ಬರೆದುಕೊಂಡರು.