ಮಾವನ ಹತ್ತು ಕೇಪು

ನಮ್ಮ ಸೋದರಮಾವ ಯಾವುದನ್ನಾದರೂ "ಇದು ಒಳ್ಳೇ ಮಾಲು" ಎಂದು ಹೊಗಳಿದರೆ, ಅದು ಆಗಲೇ ಮುಗಿದುಹೋಗಿದೆ ಎಂದೇ ತಿಳಿಯಬೇಕಿತ್ತು!

ಐವತ್ತರ ದಶಕದ ಕೊನೆಯ ಮಾತು. ಭದ್ರಾವತಿ ಹತ್ತಿರದ ಒಂದು ಕಲ್ಲುಗಣಿಯಲ್ಲಿ ನಮ್ಮಪ್ಪ ಬಂಡೆ ಸಿಡಿಸುವವರು, ಮಾವ ಮದ್ದಿನ ಉಗ್ರಾಣ ನೋಡಿಕೊಳ್ಳುವವರು. ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪುಗಳ ಪರೀಕ್ಷೆಯೂ ಮಾವನದೇ. ಆದರೆ ಒಮ್ಮೆ ಪೆಟ್ಟು ತಿಂದ ಕೇಪು, ಸಿಡಿದರೂ ಸಿಡಿಯದಿದ್ದರೂ, ಮತ್ತೆ ಕೆಲಸಕ್ಕೆ ಬಾರದು. ಹಾಗಾಗಿ ಪ್ರತಿ ಸಲ ಮಾಲು ಬಂದಾಗ ಪರೀಕ್ಷೆಗೆ ಸಿಗುತ್ತಿದ್ದದ್ದು ಹತ್ತೇ ಹತ್ತು. ಒಂದಡಿ ಮೇಲಿನಿಂದ ಕೇಪಿನ ಮೇಲೆ ಕಬ್ಬಿಣದ ಗುಂಡು ಬೀಳಿಸುವರು. ಸಿಡಿದರೆ ಮುಂದಿನದಕ್ಕೆ ಒಂದಂಗುಲ ಇಳಿಸುವರು, ಸಿಡಿಯದಿದ್ದರೆ ಒಂದಂಗುಲ ಏರಿಸುವರು. ಹೀಗೆ ಹತ್ತಿ ಇಳಿದು, ಎಷ್ಟು ಪೆಟ್ಟನ್ನು ಆ ಮಾಲು ತಡೆದೀತು ಎಂದು ಹೇಳುವರು.

"ಹತ್ತನ್ನ ಸುಟ್ಟು ಸಾವಿರದ ಹಣೆಬರಹ ಹೇಳ್ತಾರೆ ನಿಮ್ಮಣ್ಣ," ಎಂದು ಅಪ್ಪ ಅಮ್ಮನನ್ನು ಛೇಡಿಸುತ್ತಿದ್ದರು.

ಈ ಚಟ ಗಣಿಯಲ್ಲೇ ಉಳಿದಿದ್ದರೆ ನನಗೇನು? ದೀಪಾವಳಿಗೆ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ನನಗೊಂದು ಡಬ್ಬಿ ಆಟದ ಕೇಪು ತಂದಿದ್ದರು, ಕಲ್ಲಿನಿಂದ ಕುಟ್ಟಿದರೆ ಚಟ್ ಎನ್ನುವಂಥವು. ನಾನು ಎಣ್ಣೆಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವ ನನ್ನ ಸ್ಕೇಲು, ಅಡುಗೆಮನೆಯ ಕುಟ್ಟಾಣಿ ಹಿಡಿದು ಜಗಲಿಯಲ್ಲಿ ಕೂತಿದ್ದರು.

"ಧೈರ್ಯವಾಗಿ ಹೊಡಿ ಮಾರಾಯ್ತಿ, ಒಳ್ಳೇ ಮಾಲು," ಎಂದು ಡಬ್ಬಿ ಕೊಟ್ಟರು. ಒಳಗೆ ಒಂದೂ ಇರಲಿಲ್ಲ!

"ಅಲ್ಲಣ್ಣ, ಮಗೂಗೆ ಒಂದಾದ್ರೂ ಉಳಿಸಬಾರದಿತ್ತಾ?" ಅಮ್ಮ ಕೇಳಿದಳು.

"ಅರ್ಧಕ್ಕೆ ಬಿಟ್ಟರೆ ಅದು ಪರೀಕ್ಷೆ ಅಲ್ಲಮ್ಮ."

ಹಬ್ಬ ಕಳೆದ ವಾರವೇ ಗಣಿಗೆ ಹೊಸ ಮಾಲು ಬಂತು. ಮಾವ ಇಳಿಸುತ್ತಾ ಹೋದರು, ಹತ್ತಕ್ಕೆ ಹತ್ತೂ ಸಿಡಿದವು. ಕೊನೆಯದು ನಾಲ್ಕು ಬೆರಳಿನಷ್ಟು ಎತ್ತರದಿಂದ ಬಿದ್ದ ಪೆಟ್ಟಿಗೇ ಸಿಡಿಯಿತು. ಅಪ್ಪ ಚೀಲದಲ್ಲಿಟ್ಟುಕೊಂಡು ಬಂಡೆ ಹತ್ತಬೇಕಾದ ಕೇಪುಗಳು ಅವು. ಮಾವ ಉಗ್ರಾಣಕ್ಕೆ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದು ಕೂತರು. ಗಣಿಯ ಸಾಹೇಬರು ಹೇಳಿ ಕಳಿಸಿದರೂ ಏಳಲಿಲ್ಲ. ಕೊನೆಗೆ ಅಪ್ಪನೇ ಬಂದರು.

"ಭಾವ, ಕೆಲಸ ನಿಂತಿದೆ. ಬೀಗದ ಕೈ ಕೊಡಿ."

"ಕೊಡಲ್ಲ."

"ಬರೀ ಹತ್ತು ಕೇಪು ನೋಡಿ ಇಷ್ಟು ಹಟವೇ?"

"ಕೇಪಾದ್ರೆ ಹತ್ತು ಸಿಕ್ತು. ನನ್ನ ತಂಗಿಗೆ ನೀನೊಬ್ಬನೇ ಇರೋದು."

ಅಪ್ಪ ಬರಿಗೈಯಲ್ಲೇ ಗಣಿಗೆ ಹೊರಟರು. ಮಾಲು ವಾಪಸಾಯಿತು.

ಮರುದಿನ ಸಂಜೆ ಅಪ್ಪ ಎರಡು ಡಬ್ಬಿ ಆಟದ ಕೇಪು ತಂದರು. ಒಂದನ್ನು ನನ್ನ ಕೈಗಿತ್ತು, ಇನ್ನೊಂದನ್ನು ಮಾವನ ಮುಂದಿಟ್ಟರು.

"ಇದು ನಿಮಗೆ, ಭಾವ. ಒಂದೂ ಉಳಿಸಬೇಡಿ."

ನಾನು ಓಡಿಹೋಗಿ ಸ್ಕೇಲು ತಂದೆ. ಮಾವ ಅದನ್ನು ತೆಗೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲಿ ಕೂತು, ಕೈಗೆ ಸಿಕ್ಕ ಕಲ್ಲಿನಿಂದ ಸುಮ್ಮನೆ ಕುಟ್ಟತೊಡಗಿದರು.