ಸರ್ಕಾರಿ ಪಿಸ್ತೂಲಿಗೆ ಅರಿಶಿನ ಕುಂಕುಮ

ನನ್ನಂಥ ಪುಕ್ಕಲನಿಗೆ ಪಿಸ್ತೂಲು ಯಾಕೆ ಬೇಕಿತ್ತು ಎಂದು ಕೇಳಿದರೆ ನನ್ನಲ್ಲಿ ಮರ್ಯಾದೆಯ ಉತ್ತರವಿಲ್ಲ. ಅಮೆರಿಕದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿನಲ್ಲಿ ಜಿರಳೆ ಕಂಡರೂ ಸೋಫಾ ಹತ್ತಿ ಹೆಂಡತಿಯನ್ನು ಕೂಗುವವನು ನಾನು. ಆದರೆ ಅಮೆರಿಕದ ಸೈನ್ಯ ತಾನು ಬಳಸಿ ಬಿಟ್ಟ ಹಳೆಯ ಪಿಸ್ತೂಲುಗಳನ್ನು ಜನರಿಗೆ ಮಾರುತ್ತದೆಂದು ಆಫೀಸಿನಲ್ಲಿ ಯಾರೋ ಅಂದಾಗ ನನಗೆ ಅಪ್ಪ ನೆನಪಾಗಿಬಿಟ್ಟರು.

ಅಪ್ಪ ಬೆಂಗಳೂರಿನಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿ ಪಿಸ್ತೂಲು ರಿಪೇರಿ ಮಾಡುತ್ತಿದ್ದರು. ಮನೆಯವರನ್ನು ಒಳಗೆ ಬಿಡುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ಸಾಲಾಗಿ ಮಲಗಿಸಿದ ಪಿಸ್ತೂಲುಗಳು, ಚೆಂಡುಹೂವು, ಬೊಗಸೆ ತುಂಬ ಕಡಲೆಪುರಿ. "ಇದ್ರಲ್ಲಿ ನಿಂದು ಯಾವ್ದಪ್ಪಾ?" ಎಂದರೆ, "ಎಲ್ಲಾ ನಂದೇ ಕಣೋ, ಹೊಡೆಯೋರು ಮಾತ್ರ ಬೇರೆಯೋರು" ಎನ್ನುತ್ತಿದ್ದರು. ಅವರು ಹೋಗಿ ಎಂಟು ವರ್ಷವಾಯಿತು. ಒಂದೇ ಒಂದು ಸಲ ಅವರು ಪಕ್ಕದಲ್ಲಿದ್ದಾರೆ ಅನ್ನಿಸಬೇಕು, ನನಗೆ ಬೇಕಾಗಿದ್ದುದು ಇಷ್ಟೇ.

ಅರ್ಜಿ ಹಾಕಿದೆ. ಪೌರತ್ವದ ಪ್ರತಿ, ಬೆರಳಚ್ಚು, ಗುರಿ ಹೊಡೆದ ಸರ್ಟಿಫಿಕೇಟು. ರೇಷನ್ ಕಾರ್ಡೇ ಸುಲಭ. ತರಬೇತಿಯಲ್ಲಿ ಮಾಸ್ತರರು ಎರಡು ಸಲ "ಸ್ವಾಮಿ, ಕಣ್ಣು ತೆರೆದು ಹೊಡೆಯಿರಿ" ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡರು. ಆಮೇಲೆ ಸರದಿಗಾಗಿ ಕಾಯುವುದು. ಇತ್ತ ಸುಧಾ, ಅಂದರೆ ನನ್ನ ಹೆಂಡತಿ, ತೀರ್ಪು ಕೊಟ್ಟಾಗಿತ್ತು: "ಮಗಳು ಓಡಾಡೋ ಮನೆ ಇದು. ಅದು ಒಳಗೆ ಬಂದ್ರೆ ನಾನು ಆಲ್ಡಿ ಊರಲ್ಲಿರೋ ಅಕ್ಕನ ಮನೆಗೆ ಮೂವ್ ಆಗ್ತೀನಿ. ಡಿಸೈಡ್ ಮಾಡಿ."

ಕೊನೆಗೂ ಪಿಸ್ತೂಲು ಲೈಸೆನ್ಸಿರುವ ಬಂದೂಕಿನ ಅಂಗಡಿಗೆ ಬಂತು. ಮನೆಗೆ ತರುವಂತಿಲ್ಲ, ಸರಿ, ಪೂಜೆ ಅಂಗಡಿಯಲ್ಲೇ ಆಗಲಿ ಎಂದು ಆಯುಧಪೂಜೆಯ ದಿನ ರಜೆ ಹಾಕಿ ಹೂವು, ನಿಂಬೆಹಣ್ಣು, ಅರಿಶಿನ ಕುಂಕುಮ ಹಿಡಿದು ಹೋದೆ. ಬಿಳಿ ಗಡ್ಡದ ಅಂಗಡಿಯವನು ಪೆಟ್ಟಿಗೆ ತೆರೆದ. ಅಲ್ಲಲ್ಲಿ ಬಣ್ಣ ಹೋದ ಮುದಿ ಪಿಸ್ತೂಲು. ಕೈಯಲ್ಲಿ ಹಿಡಿದೆ. ತಣ್ಣಗಿತ್ತು, ಭಾರವಾಗಿತ್ತು. ಅಪ್ಪ ಬರಲಿಲ್ಲ. ಅಳು ಬರುವಷ್ಟು ನಿರಾಸೆಯಾಯಿತು.

ಬಂದದ್ದಕ್ಕೆ ಶಾಸ್ತ್ರವಾದರೂ ಮುಗಿಯಲಿ ಎಂದು ಅರಿಶಿನ ಕುಂಕುಮ ನೀರಲ್ಲಿ ಕಲಸಿ ಮೂತಿಯಿಂದ ಹಿಡಿಯವರೆಗೆ ಧಾರಾಳವಾಗಿ ಬಳಿದೆ. ಅಂಗಡಿಯವನು ಹೌಹಾರಿದ. "ಅಯ್ಯಾ, ಕಬ್ಬಿಣಕ್ಕೆ ನೀರೇ? ತುಕ್ಕು ಹಿಡಿಯುತ್ತದೆ!" ಎಂದು ಕಿತ್ತುಕೊಂಡು, ಎಣ್ಣೆ ಬಟ್ಟೆಯಿಂದ ಗಸಗಸ ಉಜ್ಜತೊಡಗಿದ.

ಆ ಎಣ್ಣೆಯ ವಾಸನೆ! ಅಪ್ಪನ ಖಾಕಿ ಅಂಗಿ, ಅಪ್ಪನ ಕೈ, ಅವರು ಕಲಸಿ ತಿನ್ನಿಸಿದ ಮೊಸರನ್ನ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಗಳಗಳ ಅತ್ತುಬಿಟ್ಟೆ. ಅಂಗಡಿಯವನು ಪಿಸ್ತೂಲಿಗೆ ಏನೂ ಆಗಿಲ್ಲವೆಂದು ಸಮಾಧಾನ ಮಾಡಿದ. ಪಿಸ್ತೂಲನ್ನು ಮಾರಿಕೊಡಲು ಅವನಿಗೇ ಒಪ್ಪಿಸಿ, ಎಣ್ಣೆಯ ಪುಟ್ಟ ಸೀಸೆಯೊಂದನ್ನು ಕೊಂಡು ಮನೆಗೆ ಬಂದೆ.

ಸುಧಾ ಕಥೆಯೆಲ್ಲ ಕೇಳಿ, ಸೀಸೆ ಮೂಸಿ ನೋಡಿದಳು. "ಅಯ್ಯೋ, ಇದು ನನ್ನ ಹೊಲಿಗೆ ಮಷೀನ್ ಎಣ್ಣೆ ಥರಾನೇ ಇದೆಯಲ್ರೀ!" ಎಂದು ಬಟ್ಟೆಯ ಕಪಾಟಿನಿಂದ ತನ್ನ ಸೀಸೆ ತಂದು ನನ್ನ ಮೂಗಿಗೆ ಹಿಡಿದಳು. ಸಾಕ್ಷಾತ್ ಅಪ್ಪ! ಇಷ್ಟು ವರ್ಷವೂ ನನ್ನ ಷರಟುಗಳ ಹಿಂದೆಯೇ ಕೂತಿದ್ದರು. ನಾನು ಹತ್ತು ಬೆರಳಿನ ಅಚ್ಚು ಕೊಟ್ಟು ಅವರೆಲ್ಲಿ ಎಂದು ಅಮೆರಿಕದ ಸೈನ್ಯವನ್ನು ಕೇಳುತ್ತಿದ್ದೆ.