ಹನ್ನೆರಡು ಹಲ್ಲಿನ ಮೀನು

ಸದಾಶಿವಯ್ಯನ ಮೀನಿಗೆ ಹಲ್ಲು ಬಂದದ್ದು ಶುಕ್ರವಾರ ಬೆಳಗಿನ ಐದೂವರೆಗೆ. ಹೆಂಡತಿ ಶಾಂತಕುಮಾರಿಯ ಹೊಲಿಗೆ ಡಬ್ಬಿಯಿಂದ ಹನ್ನೆರಡು ಸೂಜಿ ಕದ್ದು, ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದಕ್ಕೆ ಸಾಲಾಗಿ ಚುಚ್ಚಿ ಮುಗಿಸುವ ಹೊತ್ತಿಗೆ ಅವನ ಬೆರಳಿನಲ್ಲೂ ಐದಾರು ತೂತಾಗಿದ್ದವು.

ಊರಿನ ಪ್ರೌಢಶಾಲೆಯಲ್ಲಿ ಅವನು ಎರಡು ವರ್ಷದಿಂದ ತಾತ್ಕಾಲಿಕ ವಿಜ್ಞಾನ ಮೇಷ್ಟ್ರು. ಹಗಲು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ಕಾಲೇಜಿನಲ್ಲಿ ಓದಿ ಪಡೆದ ಪದವಿಯನ್ನು ಯಾರಾದರೂ ಬಂದು ವಾಪಸ್ ಕೇಳಿಯಾರು ಎಂಬ ಹೆದರಿಕೆ ಅವನಿಗೆ ಇನ್ನೂ ಹೋಗಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ತನಿಖೆಯ ಸಾಹೇಬರು ಬಂದು ಅವನ ಪಾಠ ನೋಡುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ. ಮೆಚ್ಚದಿದ್ದರೆ ಮತ್ತೆ ಮಂಡಿ. ಪಾಠ: ಆಳ ಸಮುದ್ರದ ಗಾಳಮೀನು.

ಸಮುದ್ರವನ್ನೇ ಕಾಣದ ಸದಾಶಿವಯ್ಯ ಕೈಗೆ ಸಿಕ್ಕಿದ್ದರಲ್ಲಿ ಮೀನು ಮಾಡಿದ್ದ. ಮೈಗೆ ಹಂಡೆಯ ಮಸಿ. ಬಾಯಿಗೆ, ಕೆಂಪು ಬಣ್ಣ ಸಿಗದೆ, ಕುಂಕುಮ. ಕಣ್ಣು ತೀರ ಸಣ್ಣವು ಎಂದು ಪುಸ್ತಕ ಹೇಳಿದ್ದರಿಂದ ಎರಡು ಗುಲಗಂಜಿ. ನೆತ್ತಿಯಿಂದ ಮುಂದಕ್ಕೆ ಬಾಗಿದ ಗರಿಕಡ್ಡಿ, ಅದರ ತುದಿಗೆ ಟಾರ್ಚಿನ ಬಲ್ಬು. ಗಂಡು ಮೀನು ಬಲು ಸಣ್ಣದು, ಹೆಣ್ಣಿನ ಮೈಗೇ ಕಚ್ಚಿಕೊಂಡಿರುತ್ತದೆ. ಅದಕ್ಕಾಗಿ ಉದುರಿದ ತೆಂಗಿನ ಹೀಚೊಂದನ್ನು ಹೊಟ್ಟೆಗೆ ಕರೀ ದಾರದಲ್ಲಿ ಬಿಗಿದಿದ್ದ. ಎಲ್ಲವನ್ನೂ ಕೆಂಪು ರವಿಕೆ ಬಟ್ಟೆಯಲ್ಲಿ ಸುತ್ತಿದ. ಇದು ಬೇರೇನನ್ನೋ ಹೋಲುತ್ತಿದೆಯಲ್ಲ ಎಂದು ಹೊಳೆಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಶಾಲೆಗೆ ಹೊರಟು, ಬಸ್ಸು ನಿಲ್ಲುವ ಅರಳಿಕಟ್ಟೆಯ ಹತ್ತಿರ ಬಂದಾಗ, ಎಲ್ಲದಕ್ಕೂ ಇರಲಿ ಎಂದು ಇನ್ನೊಂದು ಸಲ ಬಲ್ಬು ಹೊತ್ತಿಸಿ ನೋಡಿದ. ಹೊತ್ತಲಿಲ್ಲ. ಸೆಲ್ಲು ಸತ್ತಿತ್ತು. ಗಂಟನ್ನು ಕಟ್ಟೆಯ ಮೇಲಿಟ್ಟು ಎದುರಿನ ಕರಿಬಸವಯ್ಯನ ಅಂಗಡಿಗೆ ಓಡಿದ.

ಹೊಸ ಸೆಲ್ಲು ಕೈಗೆ ಬರುವಷ್ಟರಲ್ಲಿ, ಕಟ್ಟೆಯ ಮೇಲೆ ಮಜ್ಜಿಗೆ ಮಾರುತ್ತಿದ್ದ ಹುಚ್ಚಕ್ಕನ ಮೇಕೆ ರವಿಕೆ ಬಟ್ಟೆಯ ತುದಿ ಕಚ್ಚಿ ಎಳೆಯಿತು. ಮೀನು ಉರುಳಿ ಹುಚ್ಚಕ್ಕನ ಮಡಿಲಿಗೇ ಬಿತ್ತು.

"ಅಯ್ಯಯ್ಯೋ ಶಿವನೇ! ಮಾಟ ಕಣ್ರಪ್ಪೋ, ಮಾಟ!"

ಅರವತ್ತರ ಹುಚ್ಚಕ್ಕ ಕಟ್ಟೆಯಿಂದ ಹಾರಿದ್ದನ್ನು ನೋಡಿ ಅವಳ ಮೇಕೆಯೇ ಬೆಚ್ಚಿಬಿತ್ತು. ಕೊಬ್ಬರಿಗೆ ವ್ಯಾಪಾರಿ ಬಂದಾಗಲೂ ಸೇರದಷ್ಟು ಜನ ಸೇರಿತು.

"ಮುಟ್ಟಬ್ಯಾಡ್ರಿ! ಕುಂಕುಮ ನೋಡು, ಕರೀ ದಾರ ನೋಡು!"

"ಸೂಜಿ ಎಷ್ಟವೆ ಎಣಿಸ್ಲಾ."

"ಹನ್ನೆರಡು."

ಕರಿಬಸವಯ್ಯ ಅಂಗಡಿ ಬಿಟ್ಟು ಓಡಿಬಂದ. "ಈ ಬೀದಿನಾಗೆ ಹನ್ನೆರಡೇ ಮನೆ ಕಣ್ರೋ! ಮನೆಗೊಂದು ಸೂಜಿ! ಅದ್ಕೇ ನಮ್ಮ ಹಸ ನಿನ್ನೆಯಿಂದ ಒದೀತೈತೆ. ಇದ್ನ ಮಡಗಿದೋನು ಸಿಕ್ಲಿ, ಈ ಮರಕ್ಕೇ ಬಿಗೀತೀನಿ. ಸೀಮೆಎಣ್ಣೆ ತತ್ತೀನಿ ಇರಿ, ಮೊದ್ಲು ಸುಟ್ಟುಬುಡಾನ."

ಸೆಲ್ಲು ಹಿಡಿದು ಹಿಂದೆಯೇ ಬಂದ ಸದಾಶಿವಯ್ಯ ಗುಂಪಿನ ಅಂಚಿನಲ್ಲೇ ನಿಂತ. ನನ್ನದು ಎಂದರೆ ಮರ. ಅಲ್ಲ ಎಂದರೆ ಮಂಡಿ. ಕೈಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಕರಿಬಸವಯ್ಯ ಸೀಮೆಎಣ್ಣೆ ಡಬ್ಬ ತಂದು ಮುಚ್ಚಳ ತಿರುಗಿಸಿದ.

"ಸುಡಬೇಡಿ! ಅದು... ಅದು ನಂದು!"

ಅಷ್ಟೂ ಜನ ಒಟ್ಟಿಗೇ ಎರಡು ಹೆಜ್ಜೆ ಹಿಂದೆ ಸರಿದರು. ಮರಕ್ಕೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ.

"ಇದು ಮೀನು ಕಣ್ರೀ," ಎಂದ ಸದಾಶಿವಯ್ಯ, ಅಳುವ ದನಿಯಲ್ಲಿ. "ಪಾಠಕ್ಕೆ ಮಾಡಿದ್ದು. ನೋಡಿ ಬೇಕಾದ್ರೆ." ಬಲ್ಬಿನ ತಂತಿಯನ್ನು ಹೊಸ ಸೆಲ್ಲಿಗೆ ಮುಟ್ಟಿಸಿದ. ಬಲ್ಬು ಭಗ್ಗನೆ ಹೊತ್ತಿತು. ಇಬ್ಬರು ಓಡಿದರು. ಒಬ್ಬ ಕೈಮುಗಿದ. ಅದೇ ಹೊತ್ತಿಗೆ ತುಮಕೂರಿನ ಬಸ್ಸು ಬಂದು ನಿಂತದ್ದಾಗಲಿ, ಅದರಿಂದ ಯಾರು ಇಳಿದರೆಂಬುದಾಗಲಿ ಸದಾಶಿವಯ್ಯನಿಗೆ ಕಾಣಲಿಲ್ಲ. ಹೆದರಿಕೆಯಲ್ಲಿ ಅವನ ಬಾಯಿಂದ ಪಾಠ ತಾನಾಗಿ ಸುರಿಯತೊಡಗಿತ್ತು. "ಸಮುದ್ರದಲ್ಲಿ ಸಾವಿರ ಮೀಟರಿನ ಕೆಳಗೆ ಬಿಸಿಲೇ ಬೀಳಲ್ಲ. ಅಲ್ಲಿ ಈ ಮೀನು ತಲೆ ಮೇಲೆ ದೀಪ ಹಿಡ್ಕೊಂಡು ನಿಲ್ಲುತ್ತೆ. ದೀಪದ ಗುಬುಟಿನೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ, ಬೆಳಕು ಅವುಗಳದ್ದು. ಆ ಬೆಳಕಿಗೆ ಬಂದದ್ದನ್ನ ಇದು ನುಂಗುತ್ತೆ."

"ನಮ್ಮ ಕೆರೇಗೆ ಬಂದಾತಾ?"

"ಇಲ್ಲ ಇಲ್ಲ. ಹಿಂದೂ ಮಹಾಸಾಗರ, ಪೆಸಿಫಿಕ್, ಅಟ್ಲಾಂಟಿಕ್, ಅಲ್ಲಿ ಮಾತ್ರ. ಅದೂ ತೀರ ಆಳದಲ್ಲಿ."

"ಈರಣ್ಣನ ಬೋರು ಇನ್ನೂರಡಿ ಹೋಗೈತಲ್ಲ ಮೇಷ್ಟ್ರೇ, ಅದ್ರಾಗೆ ಬಂದ್ರೆ?"

ಹುಚ್ಚಕ್ಕ ದೂರದಿಂದಲೇ ಕತ್ತು ಚಾಚಿದಳು. "ಹೊಟ್ಟೆ ಕೆಳಗೆ ನೇತಾಡ್ತೈತಲ್ಲ, ಅದೇನಪ್ಪ?"

"ಗಂಡು. ಹೆಣ್ಣಿಗೆ ಕಚ್ಚಿಕೊಂಡ್ರೆ ಆಯ್ತು, ಅಲ್ಲೇ ಬೆಸೆದುಹೋಗುತ್ತೆ. ಬೇಟೆ ಇಲ್ಲ, ಕೆಲಸ ಇಲ್ಲ. ಊಟವೂ ಹೆಣ್ಣಿನ ರಕ್ತದಿಂದಲೇ."

"ಇದ್ಕೆ ಸಮುದ್ರಕ್ಯಾಕಪ್ಪ ಹೋಗ್ಬೇಕು?" ಎಂದಳು ಹುಚ್ಚಕ್ಕ. "ನಮ್ಮ ಮನೆ ಅಳಿಯನ್ನ ಕರಕೊಂಡು ಬತ್ತೀನಿ, ಇಸ್ಕೂಲ್ನಾಗೆ ಕುಂಡ್ರುಸ್ಕಳಿ!"

ಜನ ನಕ್ಕರು. ಆ ನಗುವಿನ ಸಂದಿಯಲ್ಲೇ ಸದಾಶಿವಯ್ಯ ಮೀನನ್ನು ಎದೆಗವಚಿಕೊಂಡು ನುಸುಳಿದ. "ಸೆಲ್ಲಿನ ದುಡ್ಡು..." ಎಂದು ತಿರುಗಿದರೆ ಕರಿಬಸವಯ್ಯ ಎರಡೂ ಕೈ ಮೇಲೆತ್ತಿದ. "ಬ್ಯಾಡ ಬುಡಿ ಸ್ವಾಮಿ. ನಮ್ಮನೇದೊಂದು ಸೂಜಿ ಕಿತ್ತಾಕಿ, ಸಾಕು."

ಪಾಠ ಅವನ ಜನ್ಮದಲ್ಲೇ ಆಗದಷ್ಟು ಚೆನ್ನಾಗಿ ಆಯಿತು. ಕಿಟಕಿ ಮುಚ್ಚಿ ಬಲ್ಬು ಹೊತ್ತಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದವು. ಹಿಂದಿನ ಬೆಂಚಿನಲ್ಲಿ ಸಾಹೇಬರು ತಲೆದೂಗಿದರು. ಅದು ನಿದ್ದೆಯಲ್ಲ ಎಂದು ಸದಾಶಿವಯ್ಯ ಎರಡು ಸಲ ಖಾತ್ರಿ ಮಾಡಿಕೊಂಡ.

ಆಮೇಲೆ ಸಾಹೇಬರು ಅವನೊಬ್ಬನನ್ನೇ ಹೆಡ್ಮಾಸ್ಟರ ಕೋಣೆಗೆ ಕರೆದರು. ಮೇಜಿನ ಮೇಲೆ ಅವನನ್ನು ಕಾಯಂ ಮಾಡುವ ಕಾಗದವಿತ್ತು, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು. ಸಾಹೇಬರು ಎದ್ದುಹೋಗಿ ಬಾಗಿಲ ಚಿಲಕ ಹಾಕಿ ಬಂದರು.

"ಪಾಠ ಬಹಳ ಚೆನ್ನಾಗಿತ್ತು. ಮಕ್ಕಳಿಗೆ ಮೀನು ಅಂತಲೇ ಹೇಳಬೇಕು, ಒಪ್ಪಿದೆ. ನಾನು ಬಸ್ ಇಳಿಯುವಾಗ ಜನ ಮಾತಾಡ್ತಿದ್ದದ್ದು ಕೇಳಿಸ್ತು."

"ಸಾರ್, ಅದು ನಿಜವಾಗ್ಲೂ ಮೀನು ಸಾರ್."

"ಆಗಲಿ. ಇಂಥ ವಿದ್ಯೆ ಇರೋರು ಇದೆ ಅಂತ ಎಲ್ಲಿ ಒಪ್ಕೋತಾರೆ?" ಸಾಹೇಬರು ಒಂದು ಚೀಟಿ ಮುಂದೆ ತಳ್ಳಿದರು. "ಹೆಸರು, ನಕ್ಷತ್ರ ಎರಡೂ ಬರೆದಿದೀನಿ. ಮೂರು ವರ್ಷದಿಂದ ನನ್ನ ಪ್ರಮೋಷನ್ ತಡೆದಿರೋ ಮನುಷ್ಯ. ಪ್ರಾಣಕ್ಕೆ ಏನೂ ಆಗಬಾರದು, ಹೆಂಡತಿ ಮಕ್ಕಳಿದ್ದಾರೆ. ಹೊಟ್ಟೆನೋವು ಗಿಟ್ಟೆನೋವು ಬಂದು ಲಾಂಗ್ ಲೀವ್ ಹಾಕಿದ್ರೆ ಸಾಕು."

"ಸಾರ್, ದೇವರಾಣೆ ನಂಗೆ ಬರಲ್ಲ ಸಾರ್!"

ಸಾಹೇಬರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಕಾಗದವನ್ನು ಮಡಿಸಿ ಕೈಚೀಲಕ್ಕೆ ಸೇರಿಸಿದರು.

"ಆತ ರಜೆ ಹಾಕಿದ ದಿನ ಇದಕ್ಕೆ ಸಹಿ ಹಾಕ್ತೀನಿ. ಅಲ್ಲೀವರೆಗೂ ನೀವು ತಾತ್ಕಾಲಿಕವೇ." ಚಿಲಕ ತೆಗೆಯುತ್ತ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: "ಸ್ವಲ್ಪ ಬೇಗ ನೋಡಿ ಮೇಷ್ಟ್ರೇ. ಆತನಿಗೆ ಇನ್ನೂ ಹನ್ನೊಂದು ವರ್ಷ ಸರ್ವೀಸ್ ಇದೆ."